ಹಸಿ ನೆಲ

ಅಡುಗೆಮನೆಯ ಹಿಂದಿನ ಗೋಡೆ ಬಿದ್ದದ್ದು ದೀಪಾವಳಿ ಕಳೆದ ಮೂರನೆಯ ದಿನ, ಬೆಳಗ್ಗೆ ಎಂಟು ಗಂಟೆಗೆ, ನಾಲ್ಕನೆಯ ಅಕ್ಕಿರೊಟ್ಟಿ ಬೇಯುತ್ತಿರುವಾಗ. ಚನ್ನಬಸಮ್ಮ ಒಲೆಯ ಮುಂದೆ ನಿಂತಿದ್ದಳು. ಮೊದಲು ಚೂರು ಮಣ್ಣು ಉದುರಿದ ಸದ್ದಾಯಿತು. ಇಲಿ ಇರಬೇಕು ಅಂದುಕೊಂಡಳು. ಆಮೇಲೆ ಗೋಡೆ, ತುಂಬು ಬಸುರಿ ಕೂರುವ ಹಾಗೆ ನಿಧಾನವಾಗಿ, ಹಿತ್ತಲ ಕಡೆಗೆ ಕುಸಿದು ಕೂತಿತು.

"ಅತ್ತೆ, ಗ್ಯಾಸ್ ಆರಿಸಿ! ಆಚೆ ಬನ್ನಿ!" ಸೊಸೆ ಸುಧಾ ಓಡಿಬಂದಳು.

ಚನ್ನಬಸಮ್ಮ ಗ್ಯಾಸ್ ಆರಿಸಿದಳು. ರೊಟ್ಟಿಯನ್ನೂ ಇಳಿಸಿಕೊಂಡಳು. ಗೋಡೆ ಬಿತ್ತೆಂದು ರೊಟ್ಟಿ ಯಾಕೆ ಹಾಳಾಗಬೇಕು?

ಸೋಮವಾರಪೇಟೆಯ ಸಂತೆ ಮೈದಾನದ ಹಿಂದಿನ ಬೀದಿಯಲ್ಲಿ ಆ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ಯಜಮಾನ ಕರಿಬಸಪ್ಪನ ಏಲಕ್ಕಿ ಅಂಗಡಿಯಾಗಿತ್ತು. ಏಲಕ್ಕಿ ಬೆಳೆಗೆ ರೋಗ ಬಂದು, ಮಾಲು ತರುವವರು ಕಡಿಮೆಯಾಗಿ, ಅಂಗಡಿ ಬಾಗಿಲು ಹಾಕಿ ಹನ್ನೆರಡು ವರ್ಷವಾಗಿತ್ತು. ಅದರ ಹಿಂದೆ ಕೆಂಪು ನೆಲದ ನಡುಮನೆ, ಎರಡು ಕೋಣೆ, ಕೊನೆಗೆ ಅಡುಗೆಮನೆ. ಮಗ ಶಿವಪ್ರಕಾಶ್ ಪೇಟೆಯಿಂದ ಏಳು ಮೈಲಿ ದೂರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಸುಧಾ ಬಸ್‌ಸ್ಟ್ಯಾಂಡಿನ ಹತ್ತಿರ ಬಾಡಿಗೆ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು. ಅವರ ಮಗಳು ನಿಶ್ಮಿತಾ ಒಂಬತ್ತನೇ ಕ್ಲಾಸು.

ಮಾರನೆಯ ದಿನ ಕಂಟ್ರಾಕ್ಟರ್ ಬಂದ. ಗೋಡೆ ತಟ್ಟಿದ, ತಲೆಯೆತ್ತಿ ಸೂರು ನೋಡಿದ, ನಡುಮನೆಯ ನೆಲವನ್ನು ಶೂ ಕಾಲಿನಿಂದ ಗುದ್ದಿದ.

"ರಿಪೇರಿ ಅಂತ ಕೈ ಹಾಕಿದ್ರೆ ಮುಗಿಯಲ್ಲ ಯಜಮಾನ್ರೇ. ಗೆದ್ದಲು ತಿಂದ ಮನೆ ಇದು. ಎಲ್ಲಾ ಕೆಡವಿ ಕಟ್ಟಿ. ಇಪ್ಪತ್ತೈದು ಲಕ್ಷಕ್ಕೆ ಚೊಕ್ಕಟವಾಗಿ ಮಾಡ್ಕೊಡ್ತೀನಿ."

"ನೆಲ ಮಾತ್ರ ಗಟ್ಟಿ ಇದೆ ನೋಡಿ," ಅಂದ ಕರಿಬಸಪ್ಪ, ಬಂದವರಿಗೆಲ್ಲ ಹೇಳುವ ಹಾಗೆ. "ನಮ್ಮ ತಂದೆ ಮಂಗಳೂರಿನಿಂದ ಜನ ಕರೆಸಿ ಹಾಕಿಸಿದ್ದು."

ಚನ್ನಬಸಮ್ಮ ಕಾಫಿ ಲೋಟ ಇಟ್ಟು ಒಳಗೆ ಹೋದಳು.

ಆ ನೆಲ ಹಾಕಲು ಮಂಗಳೂರಿನಿಂದ ಯಾರೂ ಬಂದಿರಲಿಲ್ಲ. ಹಾಕಿದವನು ಅವಳ ಅಪ್ಪ, ಶನಿವಾರಸಂತೆ ಕಡೆಯ ಗಾರೆ ಮೇಸ್ತ್ರಿ. ಗಂಡುಮಕ್ಕಳಿಲ್ಲದ ಆ ಮನುಷ್ಯ ಹತ್ತು ವರ್ಷದ ಮಗಳ ಕೈಗೆ ಗಾರೆ ಸವರುವ ಕರಣೆ ಕೊಟ್ಟಿದ್ದ. ಹದಿನೇಳಕ್ಕೆ ಅವಳು ಅಪ್ಪನ ಸಮಕ್ಕೆ ನೆಲ ತಿಕ್ಕುತ್ತಿದ್ದಳು. ಈ ಮನೆಯ ಕೆಲಸಕ್ಕೆ ಇಬ್ಬರೂ ಬಂದು ಹನ್ನೊಂದು ದಿನ ಇದ್ದರು. ಅಂಗಡಿಯಲ್ಲಿ ಕೂರಬೇಕಾದ ಇಪ್ಪತ್ನಾಲ್ಕರ ಕರಿಬಸಪ್ಪ ನೆಲ ಒಣಗಿತೇ ನೋಡುವ ನೆವದಲ್ಲಿ ದಿನಕ್ಕೆ ಆರು ಸಲ ಒಳಗೆ ಬಂದ. ಮದುವೆಯಾದರೆ ಇದೇ ಹುಡುಗಿಯನ್ನು ಎಂದು ಹಟ ಹಿಡಿದ. ಅವನ ತಂದೆ ಒಪ್ಪಿದ್ದು ಒಂದು ಮಾತಿನ ಮೇಲೆ: ಹುಡುಗಿ ಇನ್ನು ಕರಣೆ ಮುಟ್ಟಬಾರದು, ಬೀಗರು ಗಾರೆಯವರು ಎಂದು ಪೇಟೆಯಲ್ಲಿ ಬಾಯಿಗೆ ಬರಬಾರದು. ನಲವತ್ತೇಳು ವರ್ಷ ಆ ಮಾತು ನಡೆದಿತ್ತು. ಸ್ವಂತ ಮಗನಿಗೂ ಗೊತ್ತಿರಲಿಲ್ಲ. ತಾತ ಎಂದರೆ ಅವನಿಗೆ 'ಕಂಟ್ರಾಕ್ಟರ್ ತಾತ.'

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಕರಿಬಸಪ್ಪ ಹೇಳಿಬಿಟ್ಟ. "ಮಾದಾಪುರದ ಬೋಜಪ್ಪನವರು ಎರಡು ವರ್ಷದಿಂದ ಈ ಜಾಗ ಕೇಳ್ತಾ ಇದಾರೆ. ಅಂಗಡಿ ಸಾಲು ಕಟ್ತಾರಂತೆ. ಕೊಟ್ಟುಬಿಡೋಣ. ಮಹಡಿ ಮನೆ ಯಾವುದಾದ್ರೂ ಬಾಡಿಗೆಗೆ ನೋಡ್ಕೊಂಡ್ರಾಯ್ತು."

"ಬಾಡಿಗೆ ಮನೇಲಿ ಎಷ್ಟು ದಿನ ಅಪ್ಪಾಜಿ?" ಅಂದ ಶಿವಪ್ರಕಾಶ್.

"ಇನ್ನೇನು ಮಾಡ್ತೀಯ? ಇಪ್ಪತ್ತೈದು ಲಕ್ಷ ನಿಮ್ಮ ಸಾಹುಕಾರರು ಕೊಡ್ತಾರಾ?"

ಸುಧಾ ಸಾರು ಬಡಿಸುತ್ತಿದ್ದವಳು ಸೌಟು ಪಾತ್ರೆಯಲ್ಲೇ ಬಿಟ್ಟಳು. "ಮಾವ, ನನ್ನ ಚೀಟಿ ದುಡ್ಡು, ಇವರ ಬೋನಸ್ಸು ಸೇರಿ ಎರಡು ಲಕ್ಷ ಆಗುತ್ತೆ. ನಾವೇ ಮಾಡ್ಕೊಳ್ಳೋಣ."

"ನಾವೇ ಅಂದ್ರೆ?"

"ನಾವೇ ಅಂದ್ರೆ ನಾವೇ. ಗೋಡೆಗೊಬ್ಬ ಮೇಸ್ತ್ರಿ ನಾಲ್ಕು ದಿನಕ್ಕೆ ಸಾಕು. ಸೂರು, ಗಿಲಾವು, ಬಣ್ಣ ಎಲ್ಲಾ ನಾವು. ಮೊಬೈಲಲ್ಲಿ ಎಲ್ಲಾ ತೋರಿಸ್ತಾರೆ."

ಕರಿಬಸಪ್ಪ ಕೈ ತೊಳೆಯದೆ ಎದ್ದ. "ವ್ಯಾಪಾರಸ್ಥರ ಮನೆ ಸೊಸೆ ಬಾಂಡ್ಲಿ ಹೊರೋದಾ? ಬೀದಿಯವರು ಏನಂತಾರೆ?"

"ಬೀದಿಯವರು ಬಂದು ಗೋಡೆ ಕಟ್ಟಿಕೊಡ್ತಾರಾ ತಾತ?" ಅಂದಳು ನಿಶ್ಮಿತಾ. ಅಮ್ಮನಿಂದ ತೊಡೆಗೆ ಒಂದು ಚಿವುಟು ಬಿತ್ತು.

ಕೊನೆಗೆ ಚನ್ನಬಸಮ್ಮನೇ ನಡುವೆ ಬಂದಳು. "ಯುಗಾದಿವರೆಗೆ ಬಿಡಿ ಅವರಿಗೆ. ಅಷ್ಟರಲ್ಲಿ ಮನೆ ಮನೆ ಥರ ಕಾಣದೇ ಹೋದ್ರೆ ನೀವು ಹೇಳಿದ ಹಾಗೆ."

"ಯುಗಾದಿ," ಅಂದ ಕರಿಬಸಪ್ಪ, ಬೆರಳೆತ್ತಿ. "ಆಮೇಲೆ ಒಂದು ದಿನವೂ ಇಲ್ಲ. ಬೋಜಪ್ಪನವರಿಗೂ ಹಾಗೇ ಹೇಳ್ತೀನಿ."

ಹಿತ್ತಿಲಲ್ಲಿ ತಗಡು ಕಟ್ಟಿ ಒಲೆ ಹೂಡಿದರು. ಅದು ಕಾಫಿ ಹಣ್ಣಾಗುವ ಕಾಲ. ಕೈಕಾಲು ಗಟ್ಟಿ ಇದ್ದವರೆಲ್ಲ ಎಸ್ಟೇಟುಗಳಿಗೆ ಪಿಕಿಂಗಿಗೆ ಹೋಗುತ್ತಿದ್ದರು. ಪೇಟೆಯಲ್ಲಿ ಆಳು ಎಂದರೆ ದೇವರು ಸಿಕ್ಕ ಹಾಗೆ. ಕೇಳಿದಷ್ಟು ಕೂಲಿ ಕೊಟ್ಟು ಕರೆತಂದ ಮೇಸ್ತ್ರಿ ಸಿಮೆಂಟ್ ಇಟ್ಟಿಗೆಯ ಗೋಡೆ ಎಬ್ಬಿಸಿ ಐದನೆಯ ದಿನ ಹೊರಟುಹೋದ. ಮಿಕ್ಕಿದ್ದಕ್ಕೆಲ್ಲ ಭಾನುವಾರವೇ ಗತಿ.

ಸುಧಾ ಸೀರೆಯ ಮೇಲೆ ಗಂಡನ ಹಳೆಯ ಶರ್ಟು ತೊಟ್ಟು, ತಲೆಗೆ ಟವೆಲ್ ಸುತ್ತಿ, ಬೀದಿ ಬದಿಯಲ್ಲೇ ಮರಳು ಜರಡಿ ಹಿಡಿದಳು. ಸಂತೆಗೆ ಹೋಗುವವರು ನಿಂತು ನೋಡಿದರು. ಎದುರು ಮನೆಯ ಹೆಂಗಸು, "ಏನು ಸುಧಾ, ಆಳು ಸಿಗಲಿಲ್ವಾ?" ಎಂದು ಕಿಟಕಿಯಿಂದ ಕೇಳಿದಳು. "ಸಿಕ್ತಲ್ಲ ಅಕ್ಕ, ನಾನೇ ಸಿಕ್ಕಿದೆ," ಅಂದಳು ಸುಧಾ. ಕರಿಬಸಪ್ಪ ಮಾತ್ರ ಭಾನುವಾರ ಬೆಳಗಾದರೆ ಪೇಪರ್ ಕಂಕುಳಿಗೆ ಇರುಕಿಕೊಂಡು ಹೋಟೆಲಿಗೆ ಹೊರಟುಬಿಡುತ್ತಿದ್ದ. ಮಧ್ಯಾಹ್ನ ಊಟಕ್ಕೆ ಬಂದು, ಅವರೆಕಾಳು ಸಾರಿನಲ್ಲಿ ಮುದ್ದೆ ಮುರಿದು, ಯಾರ ಮುಖವನ್ನೂ ನೋಡದೆ ಎದ್ದುಹೋಗುತ್ತಿದ್ದ.

ಒಂದು ಭಾನುವಾರ ಶಿವಪ್ರಕಾಶ್ ಗಿಲಾವು ಮಾಡಲು ನಿಂತ. ಎಸೆದ ಗಾರೆ ಗೋಡೆಗೆ ಹಿಡಿಯುವುದಕ್ಕಿಂತ ಅವನ ಕಾಲಿಗೇ ಹೆಚ್ಚು ಬೀಳುತ್ತಿತ್ತು. ಚನ್ನಬಸಮ್ಮ ಸೊಪ್ಪು ಬಿಡಿಸುತ್ತ ಎಷ್ಟು ಹೊತ್ತು ತಾನೇ ನೋಡಿಯಾಳು?

"ನೀರು ಜಾಸ್ತಿ ಆಯ್ತು ಕಣೋ. ಗೋಡೆಗೆ ಮೊದಲು ನೀರು ಚಿಮುಕಿಸು, ಗಾರೆಗೆ ಕಮ್ಮಿ ಮಾಡು. ಕೈ ಎತ್ತಿ ಎಸೀಬೇಡ, ಮಣಿಕಟ್ಟಿಂದ ಚಚ್ಚು."

ಮಗ ಹಾಗೇ ಮಾಡಿದ. ಗಾರೆ ಗೋಡೆಗೆ ಕಚ್ಚಿಕೊಂಡಿತು.

ಸುಧಾ ಬಾಂಡ್ಲಿ ಕೆಳಗಿಟ್ಟು ಅತ್ತೆಯನ್ನೇ ನೋಡಿದಳು. "ನಿಮಗೆ ಹೇಗೆ ಗೊತ್ತು ಅತ್ತೆ?"

"ರೊಟ್ಟಿ ಹಿಟ್ಟು ಕಲಸಿದವಳಿಗೆ ಅಷ್ಟು ಗೊತ್ತಾಗಲ್ವಾ?" ಎಂದು ಚನ್ನಬಸಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಎದ್ದಳು. ಆದರೆ ಕೈ ಸುಮ್ಮನಿರಲಿಲ್ಲ. ಸಂಜೆ ಬಚ್ಚಲಿಗೆ ಹೋದವಳು ಮೂಲೆಯಲ್ಲಿ ಉಳಿದಿದ್ದ ಗಾರೆಯನ್ನು ಅಂಗೈಯಿಂದಲೇ ಒರಟು ಗೋಡೆಗೆ ಸವರಿ, ತಿಕ್ಕಿ, ನುಣ್ಣಗೆ ಮಾಡಿ ಬಂದಳು.

ಸಂಕ್ರಾಂತಿ ಕಳೆದ ಮೇಲೆ ಸೂರಿನ ಸರದಿ. ಎಸ್ಟೇಟಿನವರು ಕೂಲಿಗಳ ಹಳೆಯ ಲೈನ್ ಮನೆಗಳನ್ನು ಕೆಡವಿ ಹೊಸದು ಕಟ್ಟಿಸುತ್ತಿದ್ದರು. ಶಿವಪ್ರಕಾಶ್ ಮ್ಯಾನೇಜರನ್ನು ಕೇಳಿ ಸೂರು ಹೊರುವ ಹಲಸಿನ ಪಕಾಸಿಗಳನ್ನೂ ಸಾವಿರದೈನೂರು ಹೆಂಚುಗಳನ್ನೂ ಸೌದೆಯ ಬೆಲೆಗೆ ತಂದ. ಪಿಕಪ್ ಮನೆಯ ಮುಂದೆ ನಿಂತಾಗ ಕರಿಬಸಪ್ಪ ಜಗುಲಿಯಿಂದ ಇಳಿದುಬಂದ.

"ಎಲ್ಲಿಂದ ತಂದೆ ಇದನ್ನ?"

"ಎಸ್ಟೇಟಿಂದ ಅಪ್ಪಾಜಿ. ಲೈನ್ ಕಿತ್ತಿದ್ದು."

"ಲೈನ್ ಮನೆ ಹೆಂಚು ನಮ್ಮ ಮನೆ ಮೇಲೆ? ಅಯ್ಯೋ ಶಿವನೇ, ಇದೊಂದು ಬಾಕಿ ಇತ್ತು!"

"ಹೆಂಚಿಗೆ ಯಾವ ಜಾತಿ ಅಪ್ಪಾಜಿ?"

"ಜಾತಿ ಮಾತಲ್ಲ, ಮರ್ಯಾದೆ ಮಾತು! ಇಳಿಸಬೇಡ, ವಾಪಸ್ ಕಳಿಸು."

ಅಪ್ಪ ಮಗನ ಗಲಾಟೆಗೆ ನಾಲ್ಕು ಮನೆಯ ಜನ ಹೊರಗೆ ಬಂದರು. ನಿಶ್ಮಿತಾ ಪಿಕಪ್ ಹತ್ತಿ ಒಂದು ಹೆಂಚು ತೆಗೆದುಕೊಂಡಳು, ಹಿತ್ತಿಲಿಗೆ ಓಡಿ ಸೂರಿನಿಂದ ಬಿದ್ದಿದ್ದ ಇನ್ನೊಂದು ತಂದಳು, ಎರಡನ್ನೂ ತಾತನ ಮುಂದೆ ಬೋರಲು ಹಿಡಿದಳು.

"ಓದಿ ತಾತ. ಎರಡರ ಮೇಲೂ ಒಂದೇ ಕಾರ್ಖಾನೆ ಹೆಸರು. ಒಂದೇ ವರ್ಷ ಕೂಡಾ."

ಕರಿಬಸಪ್ಪ ಕನ್ನಡಕ ಏರಿಸಿ ಓದಿದ. ಇನ್ನೊಂದು ಸಲ ಓದಿದ. ಎದುರು ಮನೆಯ ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು.

"ಇಳಿಸಿ. ರಸ್ತೆಗೆ ಅಡ್ಡ ನಿಂತಿದೆ ಗಾಡಿ," ಎಂದು ಒಳಗೆ ಹೋದ.

ಗೆದ್ದಲು ಹಿಡಿದ ಹಳೆಯ ಸೂರು ಇಳಿಸಿ, ಪಕಾಸಿ ಕೂರಿಸಿ, ರೀಪು ಹೊಡೆದು, ಮುಂದಿನ ಅರ್ಧ ಸೂರಿಗೆ ಹೆಂಚು ಹೊದಿಸುವಷ್ಟರಲ್ಲಿ ಫೆಬ್ರವರಿ ಮುಗಿಯುತ್ತ ಬಂತು. ಅಡುಗೆಮನೆಯ ಮೇಲೆ ಇನ್ನೂ ಬರೀ ಆಕಾಶ. ಆ ಶುಕ್ರವಾರ ಶಿವಪ್ರಕಾಶ್ ಎಸ್ಟೇಟಿನಲ್ಲಿದ್ದ, ಸುಧಾ ಮೆಷಿನ್ ಮುಂದೆ. ಮೂರು ಗಂಟೆಗೆ ಪುಷ್ಪಗಿರಿಯ ಕಡೆಯಿಂದ ಮೋಡ ಕವಿದು ಬಂತು. ತೋಟದವರು ಎರಡು ವಾರದಿಂದ ಕಾಯುತ್ತಿದ್ದ ಹೂಮಳೆ. ಒಂದು ಇಂಚು ಬಿದ್ದರೆ ಕಾಫಿ ಗಿಡವೆಲ್ಲ ಮಲ್ಲಿಗೆಯ ಹಾಗೆ ಬಿರಿಯುವ ಮಳೆ. ಬೀದಿಯಲ್ಲಿ ಯಾರೋ ಖುಷಿಗೆ ಕೇಕೆ ಹಾಕಿದರು. ಚನ್ನಬಸಮ್ಮ ಟಾರ್ಪಾಲಿನ ಒಂದು ತುದಿ ಹಿಡಿದು ಹೆಣಗಾಡಿದಳು. ಗಾಳಿ ಅವಳನ್ನೇ ಎಳೆದಾಡಿತು.

"ಏನ್ರೀ! ಬನ್ರೀ ಇಲ್ಲಿ!"

ಕರಿಬಸಪ್ಪ ಬಂದ. ಪಂಚೆ ಎತ್ತಿ ಕಟ್ಟಿ ಬೆಂಚು ಹತ್ತಿ ಇನ್ನೊಂದು ತುದಿ ಹಿಡಿದ. ಇಬ್ಬರೂ ತೊಯ್ದು ತೊಪ್ಪೆಯಾದರು. ಆದರೂ ಮೂಲೆಯಲ್ಲಿ ಪೇರಿಸಿದ್ದ ಸಿಮೆಂಟಿನ ಮೂಟೆಗಳಿಗೆ ನೀರು ನುಗ್ಗಿತ್ತು. ಐದು ಮೂಟೆ ಮಾರನೆಯ ದಿನಕ್ಕೆ ಐದು ಬಂಡೆಗಳಾದವು.

ಶನಿವಾರ ರಾತ್ರಿ ನಡುಮನೆಯಲ್ಲಿ ಊಟಕ್ಕೆ ಕೂತು ಲೆಕ್ಕ ಹಾಕಿದರು. ಸೂರಿನ ಮಿಕ್ಕ ಕೆಲಸ ಮುಗಿಸಬಹುದು, ಹೆಂಚು ಇತ್ತು. ಆದರೆ ಅಡುಗೆಮನೆಯ ನೆಲ, ಅಂಗಡಿ ಕೋಣೆಯ ನೆಲ ಎರಡೂ ಕಿತ್ತುಹೋಗಿ ಗುಂಡಿ ಬಿದ್ದಿದ್ದವು. ಟೈಲ್ಸ್ ಮತ್ತು ಹಾಕುವವನ ಕೂಲಿ ಎಂದು ಸುಧಾ ಎತ್ತಿಟ್ಟಿದ್ದ ದುಡ್ಡಿನಲ್ಲಿ ಹೊಸ ಸಿಮೆಂಟು ಕೊಂಡರೆ ಟೈಲ್ಸಿಗೆ ಸಾಲದು.

"ಸಾಕು," ಅಂದ ಕರಿಬಸಪ್ಪ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಕಷ್ಟದ್ದಾಗಿತ್ತು. "ನೀವು ಮಾಡಿದ್ದು ಕಮ್ಮಿಯಲ್ಲ. ಆದ್ರೆ ಮಣ್ಣು ನೆಲದ ಮೇಲೆ ಸಂಸಾರ ಮಾಡೋಕಾಗುತ್ತಾ? ಯುಗಾದಿಗೆ ಹತ್ತು ದಿನ ಮುಂಚೆ ಬೋಜಪ್ಪನವರು ಮನೆ ನೋಡೋಕೆ ಬರ್ತಾರೆ. ಮಾತು ಮುಗಿಸೋಣ."

ಸುಧಾಳ ಕಣ್ಣು ತುಂಬಿ ಬಂದವು. ಶಿವಪ್ರಕಾಶ್ ತಟ್ಟೆಯಲ್ಲೇ ಗೆರೆ ಎಳೆಯುತ್ತ ಕೂತ.

"ನೆಲ ನಾನು ಹಾಕ್ತೀನಿ," ಅಂದಳು ಚನ್ನಬಸಮ್ಮ.

"ಏನು ಹಾಕ್ತೀಯ ಅವ್ವ?"

"ನೆಲ. ರೆಡ್ ಆಕ್ಸೈಡ್ ನೆಲ. ಎರಡು ಕೋಣೆಗೆ ಸಿಮೆಂಟು, ಬಣ್ಣದ ಪುಡಿ ಇದ್ರೆ ಸಾಕು. ಟೈಲ್ಸಿನ ಕಾಲು ಭಾಗವೂ ಖರ್ಚಾಗಲ್ಲ."

"ಚನ್ನೀ!" ಅಂದ ಕರಿಬಸಪ್ಪ. ಮಕ್ಕಳ ಮುಂದೆ ಅವನು ಆ ಹೆಸರಿನಿಂದ ಕರೆದದ್ದು ಅದೇ ಮೊದಲು.

"ನೀವು ಸುಮ್ನಿರಿ. ಶಿವು, ನಿನ್ನ ತಾತ ಕಂಟ್ರಾಕ್ಟರ್ ಅಲ್ಲ ಕಣೋ. ಗಾರೆ ಮೇಸ್ತ್ರಿ. ನೀನು ಕೂತಿದೀಯಲ್ಲ, ಆ ನೆಲ ಹಾಕಿದ್ದು ಅವನು. ಈ ಕಡೆಯ ಅರ್ಧ ಅವನು, ಆ ಕಡೆಯ ಅರ್ಧ ನಾನು. ಎಲ್ಲಿ ಸೇರಿದೆ ಅಂತ ತೋರಿಸು ನೋಡೋಣ."

ಶಿವಪ್ರಕಾಶನೂ ನಿಶ್ಮಿತಾಳೂ ಒಟ್ಟಿಗೇ ಬಗ್ಗಿ ನೆಲ ನೋಡಿದರು.

"ನಮ್ಮ ತಂದೆಗೆ ಕೊಟ್ಟ ಮಾತು," ಅಂದ ಕರಿಬಸಪ್ಪ, ತಗ್ಗಿದ ದನಿಯಲ್ಲಿ.

"ಕೊಟ್ಟಿದ್ದು ನೀವು. ನಡೆಸಿದ್ದು ನಾನು. ಅಪ್ಪ ಬದುಕಿದ್ದಾಗ ಒಂದು ಸಲ ಈ ನೆಲದ ಮೇಲೆ ಊಟಕ್ಕೆ ಕೂತಿದ್ದ, ನೆನಪಿದೆಯಾ? ನೆಂಟರೊಬ್ಬರು ನೆಲ ಚೆನ್ನಾಗಿದೆ ಅಂದ್ರು. ನೀವು ಮಂಗಳೂರಿನವರು ಹಾಕಿದ್ದು ಅಂದ್ರಿ. ಅಪ್ಪ ಎಲೆ ನೋಡ್ಕೊಂಡೇ ಉಂಡ. ಕೈ ತೊಳೆಯೋವಾಗ ನನ್ನ ಹತ್ರ, 'ಹೋಗ್ಲಿ ಬಿಡು ಮಗಾ, ನೆಲಕ್ಕೆ ಗೊತ್ತು' ಅಂದ. ನೆಲಕ್ಕೆ ಗೊತ್ತಿದ್ರೆ ಸಾಕಾ?"

ಕರಿಬಸಪ್ಪ ಕೈ ತೊಳೆಯಲು ಎದ್ದ. ಮಾರನೆಯ ಬೆಳಗ್ಗೆ ಎರಡು ಪಂಚೆ ಚೀಲಕ್ಕೆ ತುರುಕಿಕೊಂಡು, ಕೊಡ್ಲಿಪೇಟೆಯಲ್ಲಿರುವ ತಂಗಿಯ ಮನೆಗೆ ಬಸ್ಸು ಹತ್ತಿದ.

ಸೋಮವಾರ ಅತ್ತೆ ಸೊಸೆ ಹಾರ್ಡ್‌ವೇರ್ ಅಂಗಡಿಗೆ ಹೋದರು. ಅಂಗಡಿಯವನು ಮೊದಲು ಕೊಟ್ಟ ಕರಣೆಯನ್ನು ಚನ್ನಬಸಮ್ಮ ಬಗ್ಗಿಸಿ ನೋಡಿ ಹಿಂದಕ್ಕಿಟ್ಟಳು. ಎರಡನೆಯದರ ಅಂಚಿನ ಮೇಲೆ ಹೆಬ್ಬೆರಳು ಎಳೆದು, "ಇದು ಗೆರೆ ಬಿಡುತ್ತೆ" ಅಂದಳು. ಮೂರನೆಯದು ಕೈಗೆ ಕೂತಿತು.

"ಯಾರು ಕೆಲಸ ಮಾಡೋದು ಅಮ್ಮ?" ಎಂದು ಅಂಗಡಿಯವನು ಕೇಳಿದ.

"ಯಾಕೆ, ನಾನು ಕಾಣಿಸ್ತಿಲ್ವಾ?"

ದಾರಿಯುದ್ದಕ್ಕೂ ಸುಧಾ ನಕ್ಕಳು. ಮನೆ ಹತ್ತಿರ ಬಂದಾಗ ಕೇಳಿದಳು, "ಇಷ್ಟು ವರ್ಷ ಹೇಗೆ ಸುಮ್ನಿದ್ರಿ ಅತ್ತೆ?"

"ಸುಮ್ನಿರೋದೇನು ಕಷ್ಟದ ಕೆಲಸ ಅಲ್ಲ ಕಣಮ್ಮ. ಅಭ್ಯಾಸ ಆಗುತ್ತೆ. ಅದೇ ಅದರ ಕೆಟ್ಟ ಗುಣ."

ಅಡುಗೆಮನೆಯ ನೆಲ ಮೊದಲು. ಆ ಭಾನುವಾರ ಸೂರು ಮುಚ್ಚಿತು. ಎರಡೂ ಕೋಣೆಯ ಗುಂಡಿ ತುಂಬಿಸಿ, ಜಲ್ಲಿ ಕಾಂಕ್ರೀಟು ಹಾಕಿ, ಅದು ಬಿಗಿದುಕೊಂಡ ಮೇಲೆ ಚನ್ನಬಸಮ್ಮ ಸೀರೆಗೆ ಕಚ್ಚೆ ಹಾಕಿ ಹಲಗೆಯ ಮೇಲೆ ಕೂತಳು. ಅಪ್ಪ ಹೇಳಿದ ಅಳತೆ ನಾಲಿಗೆ ತುದಿಯಲ್ಲಿತ್ತು, ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಬಣ್ಣ. ಆದರೆ ಅರವತ್ತೈದರ ಮಂಡಿ ಹದಿನೇಳರ ಮಂಡಿಯಲ್ಲ. ಅರ್ಧಕ್ಕೆ ನೋವು ತಡೆಯದೆ ಎದ್ದು ಗೋಡೆಗೆ ಒರಗಿದಳು. ಅಷ್ಟರಲ್ಲಿ ಕಲಸಿದ್ದು ಮುಗಿದು, ಸುಧಾ ಮತ್ತೆ ಕಲಸಿದಳು. ಒಣಗಿದ ಮೇಲೆ ನೋಡಿದರೆ ನೆಲದ ನಡುವೆ ಗೆರೆ ಎಳೆದ ಹಾಗೆ ಎರಡು ಬಣ್ಣ, ಒಂದು ಕಡೆ ಕುಂಕುಮ, ಇನ್ನೊಂದು ಕಡೆ ಇಟ್ಟಿಗೆ.

ನಿಶ್ಮಿತಾ ಸಮಾಧಾನ ಮಾಡಿದಳು. "ಡಿಸೈನ್ ಅಂತ ಹೇಳೋಣ ಅಜ್ಜಿ."

"ಇನ್ನೊಂದು ಸುಳ್ಳು ಬೇಡ," ಅಂದಳು ಚನ್ನಬಸಮ್ಮ. "ತಪ್ಪಾಗಿದೆ. ಇಡೀ ಕೋಣೆಗೆ ಬೇಕಾದ ಪುಡಿಯನ್ನ ಮೊದಲೇ ಒಟ್ಟಿಗೆ ಬೆರೆಸಿ ಜರಡಿ ಹಿಡೀಬೇಕಿತ್ತು. ಮರೆತೆ. ಅಂಗಡಿ ಕೋಣೆಗೆ ಮರೆಯಲ್ಲ."

ನಾಲ್ಕು ದಿನ ಮಂಡಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡಳು. ಸುಧಾ ಹಳೆಯ ದಿಂಬಿನ ಹತ್ತಿಯಿಂದ ಎರಡು ದಪ್ಪ ಮೆತ್ತೆ ಹೊಲಿದು, ಮಂಡಿಗೆ ಕಟ್ಟುವ ಪಟ್ಟಿ ಹಚ್ಚಿಕೊಟ್ಟಳು. ಆ ನಾಲ್ಕೂ ದಿನ ಕರಿಬಸಪ್ಪನಿಂದ ಫೋನಿರಲಿಲ್ಲ. ಶಿವಪ್ರಕಾಶ್ ಮಾಡಿದರೆ, "ಬೋಜಪ್ಪನವರ ಜೊತೆ ಭಾನುವಾರ ಬರ್ತೀನಿ" ಎಂದಷ್ಟೇ ಹೇಳಿ ಇಟ್ಟ.

"ಭಾನುವಾರವೇ ಹಾಕೋಣ," ಅಂದಳು ಚನ್ನಬಸಮ್ಮ.

"ಅವರು ಬರೋ ದಿನವೇ? ಬೇಡ ಅವ್ವ, ಮುಂದಿನ ವಾರ..."

"ಮುಂದಿನ ವಾರಕ್ಕೆ ಮನೆ ನಮ್ಮದೋ ಅಲ್ವೋ. ಬೆಳಗ್ಗೆ ಆರಕ್ಕೆ ಶುರು ಮಾಡ್ತೀನಿ."

ಅಂಗಡಿ ಕೋಣೆ ಅಡುಗೆಮನೆಯ ಎರಡರಷ್ಟು. ಒಂದೇ ಕೂತಿಗೆ ಮುಗಿಸಬೇಕು. ನಡುವೆ ನಿಲ್ಲಿಸಿದರೆ ಸೇರುವ ಕಡೆ ಗೆರೆ ಬೀಳುತ್ತದೆ. ನಡುಮನೆಯ ಬಾಗಿಲಿಂದ ಶುರುಮಾಡಿ, ಹಿಂದಕ್ಕೆ ಸರಿಯುತ್ತ ಸರಿಯುತ್ತ ಬೀದಿಯ ಬಾಗಿಲಿಗೆ ಬಂದು ಮುಗಿಸಬೇಕು. ಪುಡಿಯನ್ನು ಮೂರು ಸಲ ಜರಡಿ ಹಿಡಿದು ಒಂದೇ ರಾಶಿ ಮಾಡಿದ್ದರು. ಸುಧಾ ಜಗುಲಿಯ ಮೇಲೆ ಅಷ್ಟಷ್ಟೇ ಕಲಸಿಕೊಟ್ಟಳು, ಶಿವಪ್ರಕಾಶ್ ಹಲಗೆ ಸರಿಸಿದ, ನಿಶ್ಮಿತಾ ನೀರಿನ ಚೊಂಬು ಹಿಡಿದಳು. ಚನ್ನಬಸಮ್ಮ ಹರಡಿ, ಒತ್ತಿ, ಬೆರಳ ತುದಿಯಿಂದ ಮುಟ್ಟಿ ನೋಡಿ, ಕರಣೆಯನ್ನು ಅರ್ಧಚಂದ್ರದ ಹಾಗೆ ಎಳೆದಳು. ಎರಡನೆಯ ಸಲಕ್ಕೆ ಬಣ್ಣ ಗಾಢವಾಯಿತು, ನಾಲ್ಕನೆಯ ಸಲಕ್ಕೆ ಹೊಳಪು ಬಂತು. ಒಂಬತ್ತಕ್ಕೆ ಸುಧಾ ಉಪ್ಪಿಟ್ಟಿನ ತುತ್ತು ಅತ್ತೆಯ ಬಾಯಿಗೇ ಇಟ್ಟಳು. ಹತ್ತಾಯಿತು, ಹನ್ನೊಂದಾಯಿತು. ಬೀದಿಯಲ್ಲಿ ಜನ ಸೇರಿದರು. ಎದುರು ಮನೆಯ ಹೆಂಗಸು ಕಿಟಕಿ ಬಿಟ್ಟು ಜಗುಲಿಗೇ ಬಂದು ನಿಂತಳು.

"ಮಂಡಿ ಹೇಗಿದೆ ಅತ್ತೆ?"

"ಇದೆಯೋ ಇಲ್ವೋ ಗೊತ್ತಾಗ್ತಿಲ್ಲ. ಕಲಸು."

ಬಾಗಿಲಿಗೆ ಎರಡು ಮೊಳ ಉಳಿದಿತ್ತು. ಆಗ ಜೀಪು ಬಂದು ನಿಂತ ಸದ್ದಾಯಿತು. ಚನ್ನಬಸಮ್ಮ ತಿರುಗಿ ನೋಡಲಿಲ್ಲ. ನೋಡಿದರೆ ಕೈ ತಪ್ಪುತ್ತದೆ. ಬೀದಿಗೆ ಬೆನ್ನು ಮಾಡಿ, ಕಚ್ಚೆ ಕಟ್ಟಿ, ಮೊಣಕೈವರೆಗೂ ಕೆಂಪಾಗಿ ಕೂತಿದ್ದಳು. ಹಿಂದೆ ಗುಂಪಿನ ಗುಸುಗುಸು ನಿಂತಿತು. ಚಪ್ಪಲಿ ಸದ್ದು ಜಗುಲಿ ಹತ್ತಿತು.

"ಏನಿದು, ಕೆಲಸ ನಡೀತಾ ಉಂಟಾ? ಒಳಗೊಮ್ಮೆ ನೋಡುವ," ಎಂದು ಬೋಜಪ್ಪ ಹೊಸ್ತಿಲಿನ ಕಡೆ ಕಾಲೆತ್ತಿದ.

"ಕಾಲಿಡಬೇಡಿ!"

ಅದು ಕರಿಬಸಪ್ಪನ ದನಿ. ಬೋಜಪ್ಪನ ತೋಳು ಹಿಡಿದು ನಿಲ್ಲಿಸಿದ್ದ.

"ಹಸಿ ನೆಲ. ಇವತ್ತು ಯಾರೂ ತುಳಿಯೋ ಹಾಗಿಲ್ಲ."

ಬೋಜಪ್ಪ ಕತ್ತು ಚಾಚಿ ನೋಡಿದ. ಕೋಣೆಯ ತುಂಬ ಒಂದೇ ಕೆಂಪು, ಕಲೆಯಿಲ್ಲ, ಗೆರೆಯಿಲ್ಲ. ಬಾಗಿಲಿನ ಬೆಳಕು ಅದರ ಮೇಲೆ ಕೂತಿತ್ತು. "ಅಬ್ಬಾ! ಇಂಥ ನೆಲ ಹಾಕುವವರು ಈಗ ಎಲ್ಲಿದ್ದಾರೆ? ಯಾರನ್ನು ಕರೆಸಿದಿರಿ?"

ಚನ್ನಬಸಮ್ಮನ ಕರಣೆ ಒಂದು ಗಳಿಗೆ ನಿಂತಿತು.

"ಯಾರನ್ನೂ ಕರೆಸಿಲ್ಲ," ಅಂದ ಕರಿಬಸಪ್ಪ. ಬೋಜಪ್ಪನಿಗೆ ಮಾತ್ರವಲ್ಲ, ಬೀದಿಗೆಲ್ಲ ಕೇಳುವ ಹಾಗೆ. "ಇವಳು ನನ್ನ ಹೆಂಡತಿ. ನಮ್ಮ ಮಾವ ಗಾರೆ ಮೇಸ್ತ್ರಿ, ಶನಿವಾರಸಂತೆ ಕಡೆಯವರು. ಒಳಗಿನ ನೆಲ ನಲವತ್ತೆಂಟು ವರ್ಷದ ಹಿಂದೆ ಅಪ್ಪ ಮಗಳು ಸೇರಿ ಹಾಕಿದ್ದು. ಮಂಗಳೂರಿನವರು ಅಂತ ನಾನು ಸುಳ್ಳು ಹೇಳ್ತಿದ್ದೆ."

ಚನ್ನಬಸಮ್ಮನ ಕಣ್ಣು ಮಂಜಾದವು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ನೀರು!" ಎಂದು ಕೂಗಿದಳು. ನಿಶ್ಮಿತಾಳ ಚೊಂಬು ಖಾಲಿಯಾಗಿತ್ತು. ಹುಡುಗಿ ಬಾಯಿ ಬಿಟ್ಟುಕೊಂಡು ತಾತನನ್ನೇ ನೋಡುತ್ತಿದ್ದಳು. ಕರಿಬಸಪ್ಪ ಚಪ್ಪಲಿ ಕಳಚಿ, ಮೊಮ್ಮಗಳ ಕೈಯ ಚೊಂಬು ಕಿತ್ತುಕೊಂಡು, ಬೀದಿ ನಲ್ಲಿಗೆ ಓಡಿದ. ಎಪ್ಪತ್ತೊಂದು ದಾಟಿದ ಮನುಷ್ಯ ಪಂಚೆ ಎತ್ತಿಕೊಂಡು ಓಡುವುದನ್ನು ಬೀದಿ ಅದೇ ಮೊದಲು ನೋಡಿದ್ದು.

"ಎಷ್ಟು ಹಾಕ್ಲಿ?"

"ಚಿಮುಕಿಸಿ ಸಾಕು. ಸುರೀಬೇಡಿ."

ಕೊನೆಯ ಮೊಳ ಮುಗಿಸಿ ಚನ್ನಬಸಮ್ಮ ಜಗುಲಿಗೆ ಸರಿದಾಗ ಹನ್ನೆರಡೂವರೆ. ಏಳಲಾಗಲಿಲ್ಲ. ಸುಧಾ ಒಂದು ಕಡೆ, ಕರಿಬಸಪ್ಪ ಒಂದು ಕಡೆ ಹಿಡಿದೆತ್ತಿದರು.

"ಹಾಗಾದ್ರೆ ನಮ್ಮ ಮಾತು?" ಎಂದು ಬೋಜಪ್ಪ ಕೇಳಿದ.

"ಕ್ಷಮಿಸಿ ಬೋಜಪ್ಪನವರೇ. ಈ ಮನೆ ಮಾರಲ್ಲ. ಬನ್ನಿ, ಹಿತ್ತಿಲಿಂದ ಸುತ್ತಿ ಬಂದು ಊಟ ಮಾಡ್ಕೊಂಡು ಹೋಗಿ. ಹೊಸದಾಗಿ ಮುಚ್ಚಿದ ಸೂರಿನ ಕೆಳಗೆ ಕೂತು ಉಣ್ಣೋ ಮೊದಲ ನೆಂಟರು ನೀವೇ."

ಬೋಜಪ್ಪ ಸ್ವಲ್ಪ ಹೊತ್ತು ಮುಖ ಸಣ್ಣದು ಮಾಡಿಕೊಂಡಿದ್ದ. ಆಮೇಲೆ ಸುಧಾ ಬೆಳಗಿನ ಜಾವವೇ ಮಾಡಿಟ್ಟಿದ್ದ ಬಸ್ಸಾರಿನ ಪರಿಮಳ ಅವನನ್ನು ಹಿತ್ತಿಲ ದಾರಿಗೆ ಎಳೆಯಿತು.

ಸಂಜೆ ಹೆಂಡತಿಯ ಮಂಡಿಗೆ ಎಣ್ಣೆ ತಿಕ್ಕುತ್ತ ಕರಿಬಸಪ್ಪ ತಾನಾಗಿಯೇ ಬಾಯಿಬಿಟ್ಟ.

"ತಂಗಿಗೆ ಹೇಳಿದೆ, ಅತ್ತಿಗೆ ಕರಣೆ ಹಿಡಿದಿದ್ದಾಳೆ ಅಂತ. ಅವಳು ನಕ್ಕಳು. 'ಹುಟ್ಟುಗುಣ' ಅಂದಳು. ನಂಗೆ ಸಿಟ್ಟು ಬಂತು ನೋಡು, ಎರಡು ದಿನ ಅವಳ ಮನೇಲಿ ಸರಿಯಾಗಿ ಉಣ್ಣಲಿಲ್ಲ."

"ಯಾರ ಮೇಲೆ ಸಿಟ್ಟು?"

"ಮೊದಲು ನಿನ್ನ ಮೇಲೆ ಅಂದ್ಕೊಂಡೆ. ಆಮೇಲೆ ಅವಳ ಮೇಲೆ ಅಂದ್ಕೊಂಡೆ." ತಿಕ್ಕುವ ಕೈ ನಿಂತಿತು. "ಅವಳು ನಕ್ಕ ಥರಾನೇ ಅಲ್ವಾ ನಾನೂ ಇಷ್ಟು ದಿನ..."

"ಎಡಗಾಲಿಗೆ ಹಚ್ಚಿ," ಅಂದಳು ಚನ್ನಬಸಮ್ಮ. "ಅದೇ ಜಾಸ್ತಿ ನೋಯ್ತಿರೋದು."

ವಾರವೆಲ್ಲ ನೆಲದ ಮೇಲೆ ನೀರು ನಿಲ್ಲಿಸಿದರು. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಮನೆಯವರೆಲ್ಲ ಸರದಿಯಲ್ಲಿ ಬಟ್ಟೆಯಿಂದ ಉಜ್ಜಿದರು. ಶಿವಪ್ರಕಾಶ್ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಿದ. ಯುಗಾದಿಯ ದಿನ ಅದೇ ಕೋಣೆಯಲ್ಲಿ ಸಾಲಾಗಿ ಎಲೆ ಹಾಕಿ ಹೋಳಿಗೆ ಉಂಡರು. ಹಬ್ಬ ಕಳೆದ ಮೂರನೆಯ ದಿನ ಸುಧಾಳ ಮೆಷಿನ್ ಬಾಡಿಗೆ ಕೋಣೆಯಿಂದ ಅಲ್ಲಿಗೆ ಬಂತು. ಬೋರ್ಡು ಬರೆಸಿದ್ದು ಕರಿಬಸಪ್ಪ. ಅಕ್ಷರ ಸಣ್ಣದಾಯಿತು ಎಂದು ಒಮ್ಮೆ ಅಳಿಸಿ ಮತ್ತೆ ಬರೆಸಿದ.

ಏಪ್ರಿಲ್ ಮೊದಲ ವಾರ ಒಂದು ಮಧ್ಯಾಹ್ನ ಬೋಜಪ್ಪನ ಹೆಂಡತಿ ಬಂದಳು. ಬ್ಲೌಸಿನ ಅಳತೆ ಕೊಟ್ಟಳು, ಕಾಫಿ ಕುಡಿದಳು, ಕಣ್ಣು ಮಾತ್ರ ನೆಲದ ಮೇಲೆಯೇ.

"ಇವರು ಮನೆಗೆ ಬಂದಾಗಿನಿಂದ ಇದೇ ಮಾತು, ಚನ್ನಬಸಮ್ಮ. ನಮ್ಮ ಮುಂದಿನ ವರಾಂಡದ್ದೂ ಇಂಥದ್ದೇ ಹಳೇ ನೆಲ. ಒಡೆದು ಹೋಗಿ ಉಂಟು. ಟೈಲ್ಸ್ ಹಾಕಲಿಕ್ಕೆ ಮನಸ್ಸಿಲ್ಲ. ಕೇಳಲಿಕ್ಕೆ ಸಂಕೋಚ... ನೀವು ಬಂದು ಹಾಕಿಕೊಡ್ತೀರಾ?"

ಸುಧಾಳ ಮೆಷಿನ್ ನಿಂತಿತು. ಪೇಪರ್ ಓದುತ್ತಿದ್ದ ಕರಿಬಸಪ್ಪ ತಲೆಯೆತ್ತಿದ. ಅವನು ಬಾಯಿ ತೆರೆಯುವ ಮೊದಲೇ ಚನ್ನಬಸಮ್ಮ ಕೇಳಿದಳು, "ವರಾಂಡ ಎಷ್ಟು ಉದ್ದ?"

"ಇಪ್ಪತ್ತಡಿ."

"ಅಗಲ?"

"ಎಂಟು."

"ಮೂರು ದಿನದ ಕೆಲಸ. ಮೇಸ್ತ್ರಿಗೆ ಏನು ಕೂಲಿಯೋ ನನಗೂ ಅದೇ. ಸುಧಾ ಕಲಸೋಕೆ ಬರ್ತಾಳೆ, ಅವಳಿಗೂ ಕೂಲಿ. ಮಧ್ಯಾಹ್ನದ ಊಟ ನಿಮ್ಮದು. ನಾವು ಮಾಂಸ ತಿನ್ನಲ್ಲ."

"ಅಯ್ಯೋ, ಧಾರಾಳವಾಗಿ! ಯಾವತ್ತು ಬರ್ತೀರಿ?"

ಚನ್ನಬಸಮ್ಮ ಗಂಡನ ಕಡೆ ನೋಡಿದಳು, ಅಪ್ಪಣೆ ಕೇಳುವ ಹಾಗಲ್ಲ, ಕ್ಯಾಲೆಂಡರ್ ಅವನ ತಲೆಯ ಮೇಲೆ ನೇತಾಡುತ್ತಿತ್ತು.

"ಸೋಮವಾರ ಒಳ್ಳೇ ದಿನ," ಅಂದ ಕರಿಬಸಪ್ಪ. "ಅಡುಗೆ ನಾನೂ ಶಿವುವೂ ನೋಡ್ಕೋತೀವಿ."

ಸೋಮವಾರ ಸಂತೆ. ಸುತ್ತಲ ಊರಿನವರೆಲ್ಲ ಚೀಲ, ಬುಟ್ಟಿ, ಕೋಳಿ ಹಿಡಿದುಕೊಂಡು ಪೇಟೆಗೆ ಇಳಿಯುತ್ತಿದ್ದರು. ಮಾದಾಪುರದ ಕಡೆಗೆ ಹೊರಟ ಬಸ್ಸು ಖಾಲಿ. ಅತ್ತೆ ಸೊಸೆ ಮುಂದಿನ ಸೀಟಿನಲ್ಲಿ ಕೂತರು. ಅತ್ತೆಯ ಮಡಿಲಲ್ಲಿ ಬಟ್ಟೆ ಸುತ್ತಿದ ಕರಣೆ, ಸೊಸೆಯ ಕಾಲ ಬಳಿ ಬಾಂಡ್ಲಿ, ಜರಡಿ.

ಕಂಡಕ್ಟರ್ ಟಿಕೆಟ್ ಹರಿಯುತ್ತ ನಕ್ಕ. "ಏನಮ್ಮ, ಊರಿಗೆ ಊರೇ ಸಂತೆಗೆ ಬರ್ತಿದ್ರೆ ನೀವು ಸಂತೆ ಬಿಟ್ಟು ಎಲ್ಲಿಗೆ ಹೊರಟ್ರಿ?"

"ಕೆಲಸಕ್ಕೆ," ಅಂದಳು ಚನ್ನಬಸಮ್ಮ.